ನಾರಿಗೆ ನಂಬರ್ ಕೊಡುವವರು

ಕಾದಂಬರಿ, ಸಿನಿಮಾಗಳ ವಿಮರ್ಶೆ ಬೇಕಾದಷ್ಟಿದೆ. ಈ ವಾರ ನಾನು ಸುಂಕದ ಪಟ್ಟಿಯನ್ನು ಎತ್ತಿಕೊಂಡಿದ್ದೇನೆ. ನಗಬೇಡಿ. ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್‌ಎಸ್ ಪಟ್ಟಿ 1988ರಿಂದ ಜಾರಿಯಲ್ಲಿದೆ. ಗಡಿ ದಾಟುವ ಪ್ರತಿ ಸರಕಿಗೂ ಅದರಲ್ಲೊಂದು ಆರಂಕಿಯ ನಂಬರ್ ಉಂಟು. ನಾನು ಓದಿದ್ದು ಗಿಡದ ನಾರಿನ ಭಾಗ ಮಾತ್ರ.

ಹತ್ತಿಗೆ 52ನೇ ಅಧ್ಯಾಯವನ್ನು ಪೂರ್ತಿ ಬಿಟ್ಟುಕೊಟ್ಟಿದ್ದಾರೆ. ಮಿಕ್ಕ ಗಿಡಗಳ ನಾರು 53ರಲ್ಲಿ. ಅಗಸೆ 5301, ಗಾಂಜಾ ಜಾತಿಯ ಹೆಂಪ್ 5302, ಸೆಣಬು 5303. ಈ 5303ರಲ್ಲಿ ಬಂಗಾಳದ ಗೋಣಿಚೀಲದ ಸೆಣಬೂ ಇದೆ, ನಮ್ಮ ಪುಂಡಿ ನಾರೂ ಇದೆ, ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬೂ ಇದೆ. ಮೂರೂ ಬೇರೆ ಬೇರೆ ಗಿಡ. ಆದರೆ ಮೂರರದೂ ಕಾಂಡದ ತೊಗಟೆಯಿಂದ ಬಿಡಿಸುವ ನಾರು. ಗೋಣಿಯದಕ್ಕೂ ಗೊಬ್ಬರದ್ದಕ್ಕೂ ಸೆಣಬು ಅಂತಲೇ ಹೆಸರಿಟ್ಟ ಕನ್ನಡಿಗರ ಯೋಚನೆಯೂ ಇದೇ ಅಲ್ವಾ?

ಬಿದಿರಿನ ವಿಷಯದಲ್ಲಂತೂ ಪಟ್ಟಿಯನ್ನು ಮೆಚ್ಚಲೇಬೇಕು. 'ಬಿದಿರಿನ ಬಟ್ಟೆ' ಅಂತ ಮಾರುವುದರಲ್ಲಿ ಬಹುಪಾಲು ವಿಸ್ಕೋಸ್. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆ ತೆಗೆದದ್ದು. ಪಟ್ಟಿ ಅದನ್ನು 53ರೊಳಗೆ ಬಿಟ್ಟುಕೊಳ್ಳದೆ 54, 55ನೇ ಅಧ್ಯಾಯಗಳಿಗೆ, ಅಂದರೆ ಮನುಷ್ಯ ಮಾಡಿದ ಎಳೆಗಳ ಸಾಲಿಗೆ ಕಳಿಸುತ್ತೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಸುಳ್ಳು ಲೇಬಲ್ಲಿಗಾಗಿ ಕಂಪನಿಗಳ ಮೇಲೆ ಕೇಸು ಹಾಕಿದ್ದು 2009ರಲ್ಲಿ.

ಮಿಶ್ರ ಬಟ್ಟೆಗೆ, ತೂಕ ಯಾವುದರದು ಹೆಚ್ಚೋ ಅದರ ನಂಬರ್. ಸಮಸಮ ಇದ್ದರೆ? ಪಟ್ಟಿಯಲ್ಲಿ ಕೊನೆಗೆ ಬರುವುದು ಗೆಲ್ಲುತ್ತೆ. ಅರ್ಧ ಹತ್ತಿ, ಅರ್ಧ ಅಗಸೆ ನಾರಿನ ಬಟ್ಟೆ ಲಿನನ್ ಆಗೋದು ಹೀಗೆ. ವಿಚಿತ್ರ ಅನ್ನಿಸಬಹುದು, ಆದರೆ ಬಂದರಿನಲ್ಲಿ ಜಗಳ ಬೇಗ ಮುಗಿಯುತ್ತೆ.

ನನ್ನ ತಕರಾರು 5305ರದು. ತೆಂಗಿನ ನಾರು, ಫಿಲಿಪೈನ್ಸ್‌ನ ಅಬಾಕಾ, ರಾಮಿ, ಬಾಳೆ ನಾರು ಎಲ್ಲ ಒಂದೇ ಮೂಟೆಯಲ್ಲಿ. ಕತ್ತಾಳೆ ನಾರಿಗೆ 5304 ಅಂತ ಸ್ವಂತ ಮನೆ ಇತ್ತು. 2007ರ ಪರಿಷ್ಕರಣೆಯಲ್ಲಿ ಅದನ್ನೂ ತೆಗೆದು ಇಲ್ಲಿಗೆ ತುಂಬಿದರು. ವ್ಯಾಪಾರ ಕಡಿಮೆಯಾದ ಸರಕಿಗೆ ಪ್ರತ್ಯೇಕ ನಂಬರ್ ಇಟ್ಟುಕೊಳ್ಳೋದಿಲ್ಲ ಅನ್ನೋದು ಪದ್ಧತಿ.

ತೊಂದರೆ ಇರೋದೇ ಇಲ್ಲಿ. ನಂಬರ್ ಇಲ್ಲದಿದ್ದರೆ ಲೆಕ್ಕ ಇಲ್ಲ. ಯಾವ ದೇಶ ಎಷ್ಟು ಬಾಳೆ ನಾರು ಕೊಂಡಿತು ಅಂತ ಅಂತರರಾಷ್ಟ್ರೀಯ ಅಂಕಿಅಂಶದಲ್ಲಿ ಹುಡುಕಿ ನೋಡಿ, ಸಿಗೋದಿಲ್ಲ. ಲೆಕ್ಕವೇ ಇಲ್ಲದ ಮೇಲೆ ವ್ಯಾಪಾರ ಬೆಳೆದಿದೆ ಅಂತ ತೋರಿಸೋದು ಹೇಗೆ? ತೋರಿಸದೆ ನಂಬರ್ ಕೊಡೋರು ಯಾರು? ತೆಂಗಿನ ನಾರು ಹುರಿಯಾದ ಮೇಲೆ 5308.10 ಅಂತ ಸ್ವಂತ ನಂಬರ್ ಸಿಗುತ್ತೆ. ಬಾಳೆ ನಾರಿನ ಹುರಿಗೆ ಅದೂ ಇಲ್ಲ.

ದೇಶಗಳು ಆರಂಕಿಯ ಮುಂದೆ ತಮ್ಮದೇ ಅಂಕಿ ಸೇರಿಸಿಕೊಳ್ಳಬಹುದು. ಭಾರತ ಎಂಟಂಕಿ ಬಳಸುತ್ತೆ. ಆದರೆ ದೇಶ ದೇಶಗಳ ಹೋಲಿಕೆ ನಡೆಯೋದು ಆರಂಕಿಯಲ್ಲೇ. ಗೊನೆ ಕಡಿದ ಮೇಲೆ ದಿಂಡನ್ನು ತೋಟದಲ್ಲೇ ಕೊಳೆಯಲು ಬಿಡುವ ನಮ್ಮ ಬಾಳೆ ಬೆಳೆಗಾರರಿಗೆ, ನಾರು ತೆಗೆಯಿರಿ, ರಫ್ತು ಮಾಡಿ ಅಂತ ಭಾಷಣ ಬಿಗಿಯುವವರು ಮೊದಲು ಈ 5305ನ್ನು ಓದಲಿ.