ಇ-ಟೈಪ್ ಝೀರೊ: ಹೊಗೆಗೆ ದುಬಾರಿ ಮದ್ದು

2018ರ ಮೇ 19ರ ಸಂಜೆ ಅಂದೇ ಮದುವೆಯಾದ ಬ್ರಿಟನ್ನಿನ ರಾಜಕುಮಾರ ಹ್ಯಾರಿ–ಮೇಗನ್ ದಂಪತಿ ವಿಂಡ್ಸರ್ ಅರಮನೆಯಿಂದ ಹೊರಟದ್ದು 1968ರ ಜಾಗ್ವಾರ್ ಇ-ಟೈಪ್‌ನಲ್ಲಿ. ಹೆಸರು ಇ-ಟೈಪ್ ಝೀರೊ; ಮೈ ಹಳೆಯದು, ಒಡಲು ಹೊಸದು. ಆರು ಸಿಲಿಂಡರಿನ ಎಂಜಿನ್ ಇದ್ದಲ್ಲಿ ಬ್ಯಾಟರಿ, ಗೇರ್‌ಬಾಕ್ಸ್ ಇದ್ದಲ್ಲಿ ಮೋಟರು. ನಂಬರ್ ಪ್ಲೇಟಿನಲ್ಲೂ ಮದುವೆಯ ತಾರೀಖು!

ಕಸುಬುಗಾರಿಕೆಗೆ ತಲೆದೂಗಲೇಬೇಕು. ಮೂಲ ಕಾರನ್ನು ಕೆಡಿಸಿಲ್ಲ; ಬೇಕೆಂದಾಗ ಹಳೆಯ ಎಂಜಿನ್ನನ್ನು ಮತ್ತೆ ಕೂರಿಸಬಹುದು. ಆದರೆ ಹಳೆಯ ಕಾರುಗಳ ಹೊಗೆಗೆ ಇದೇ ದಾರಿ ಎಂದರೆ ಒಪ್ಪಲಾರೆ. ವರ್ಷಕ್ಕೆ ನಾಲ್ಕಾರು ಭಾನುವಾರ ಮಾತ್ರ ಬೀದಿಗಿಳಿಯುವ ಕಾರಿಗೆ 40 ಕಿಲೋವಾಟ್-ಅವರ್ ಬ್ಯಾಟರಿಯೇ? ದಿನವೂ ಊರೊಳಗೆ ಓಡುವ ಕಾರಾದರೆ ಮಾತು ಬೇರೆ.

ಹಳೆಯ ಎಂಜಿನ್ ಗಬ್ಬೆಬ್ಬಿಸುವುದಕ್ಕೆ ಕಾರಣಗಳು ಬಹುಪಾಲು ಸಣ್ಣವು. ಕಾರ್ಬುರೇಟರಿನ ಸೂಜಿ, ಜೆಟ್ ಸವೆದರೆ ಪೆಟ್ರೋಲು ಹೆಚ್ಚಾಗಿ ಹರಿದು ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಇಗ್ನಿಷನ್ ಪಾಯಿಂಟ್ ಸುಟ್ಟಿದ್ದರೆ ಕಿಡಿ ತಪ್ಪಿ, ಉರಿಯದ ಪೆಟ್ರೋಲು ಸೈಲೆನ್ಸರಿನಿಂದ ಹೊರಬೀಳುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಪಿಸ್ಟನ್ ರಿಂಗು ದಾಟಿ ಕ್ರ್ಯಾಂಕ್‌ಕೇಸಿಗೆ ನುಗ್ಗುವ ಅನಿಲ ಹಿಂದೆಲ್ಲ ನೇರ ರಸ್ತೆಗೇ ಹೋಗುತ್ತಿತ್ತು. ಅದನ್ನು ಮತ್ತೆ ಎಂಜಿನ್ನಿಗೇ ಉಣಿಸುವ ಪುಟ್ಟ ವಾಲ್ವು ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ 1961ರಲ್ಲೇ ಬಂದಿತ್ತು. ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಮಾತ್ರ ನನಗೆ ಭರವಸೆ ಕಡಿಮೆ. ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲು, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಒಟ್ಟಿಗೆ ತಗ್ಗಿಸಲು ಅದಕ್ಕೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದ ಲೆಕ್ಕದಲ್ಲಿ, ಸದಾ ಸಿಗಬೇಕು. ಬರಿಯ ಕಾರ್ಬುರೇಟರಿಗೆ ಅಷ್ಟು ನಿಖರತೆ ಎಲ್ಲಿಂದ ಬರಬೇಕು?

ಟ್ಯೂನಿಂಗಿಗೂ ಮಿತಿಯಿದೆ. ಪೆಟ್ರೋಲು ತಗ್ಗಿಸುತ್ತ ಹೋದರೆ ನೈಟ್ರೋಜನ್ ಆಕ್ಸೈಡ್ ಏರಬಹುದು. ಅದಕ್ಕೇ ಕಿವಿಯ ಅಂದಾಜು ಸಾಲದು, ಅಳೆಯುವ ಯಂತ್ರ ಬೇಕು. ಬ್ರಿಟನ್ ಎಡವಿದ್ದು ಇಲ್ಲೇ. ಆ ಮದುವೆಯ ಮರುದಿನ, ಮೇ 20ರಿಂದ, ದೊಡ್ಡ ಮಾರ್ಪಾಡು ಕಾಣದ 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆಯೇ ಕಡ್ಡಾಯವಲ್ಲ ಎಂದಾಯಿತು. ಅದಕ್ಕೂ ಮುಂಚೆ, 1975ರ ಆಗಸ್ಟಿಗಿಂತ ಹಿಂದಿನ ಕಾರುಗಳ ಹೊಗೆಯನ್ನು ಬರಿಗಣ್ಣಿನಲ್ಲಿ ನೋಡಿ ಬಿಡುತ್ತಿದ್ದರು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ!

ಇತ್ತ ಝೀರೊವನ್ನು ಗಿರಾಕಿಗಳಿಗೂ ಕೊಡುವುದಾಗಿ 2018ರ ಆಗಸ್ಟಿನಲ್ಲಿ ಸಾರಿದ ಜಾಗ್ವಾರ್, ಮರುವರ್ಷ ಯೋಜನೆಯನ್ನು ಬದಿಗಿಟ್ಟಿತು. ನನಗೇನೂ ಬೇಸರವಿಲ್ಲ. ಆ ತಪಾಸಣೆ ರದ್ದಾದದ್ದಕ್ಕೆ ಇದೆ.