ಮೇಲಿಂದ ಕೇರಿ ಕಾಣೋದಿಲ್ಲ

ಇಂಗ್ಲೆಂಡಿನ ಸಮಂತಾ ಹಾರ್ವೆ ಬರೆದ 'ಆರ್ಬಿಟಲ್' ಕಾದಂಬರಿಗೆ 2024ರ ಬೂಕರ್ ಪ್ರಶಸ್ತಿ ಬಂತು. ಬಾಹ್ಯಾಕಾಶ ನಿಲ್ದಾಣದಲ್ಲಿರುವ ಆರು ಜನರ ಒಂದು ದಿನದ ಕತೆ ಇದು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಒಂದೂವರೆ ಗಂಟೆಗೊಂದು ಸುತ್ತಿನಂತೆ, ಆ ಒಂದೇ ದಿನ ಅವರು ಭೂಮಿಯನ್ನು 16 ಸಲ ಸುತ್ತುತ್ತಾರೆ.

ಅಲ್ಲಿಂದ ನೋಡಿದರೆ ಗಡಿಗಳಿಲ್ಲ, ಮನುಷ್ಯಕುಲ ಒಂದೇ. ಈ ಮಾತು ನಮಗೆ ಹೊಸದೇನಲ್ಲ. ಎಲ್ಲರೊಳಗೂ ಒಂದೇ ಆತ್ಮ ಅಂತ ಹೇಳಿದವರೇ ನಮ್ಮನ್ನು ಬಾವಿ ಹತ್ತಿರ ಬಿಡಲಿಲ್ಲ. ಆದ್ದರಿಂದ ಎತ್ತರದಿಂದ ಕಾಣುವ ಸಮಾನತೆಯನ್ನು ನಾವು ಅನುಮಾನದಿಂದಲೇ ನೋಡುತ್ತೇವೆ.

ಹಾರ್ವೆ ಅಷ್ಟಕ್ಕೇ ನಿಲ್ಲುವುದಿಲ್ಲ ಅನ್ನೋದೂ ನಿಜ. ಕರಗುವ ಹಿಮದಲ್ಲಿ ರಾಜಕೀಯದ, ದುರಾಸೆಯ ಕೈಗುರುತು ತೋರಿಸುತ್ತಾರೆ. ಫಿಲಿಪ್ಪೀನ್ಸಿನತ್ತ ನುಗ್ಗುವ ಚಂಡಮಾರುತದ ದಾರಿಯಲ್ಲಿರುವ ಬೆಸ್ತನ ಸಂಸಾರವನ್ನೂ ಮರೆಯುವುದಿಲ್ಲ. ಇದು ಪುಸ್ತಕದ ಪ್ರಾಮಾಣಿಕತೆ.

ಆದರೆ ನಮ್ಮ ಕಣ್ಣು ಹೋಗುವುದು ಕಿಟಕಿಯ ಆಚೆಗಲ್ಲ, ಒಳಕ್ಕೆ. ರಷ್ಯದವರಿಗೊಂದು ಕಕ್ಕಸು, ಉಳಿದವರಿಗೊಂದು ಎಂಬ ಕಟ್ಟಳೆ ಕಾದಂಬರಿಯಲ್ಲಿ ಬರುತ್ತದೆ. ಆ ಆರು ಜನ ಅದನ್ನು ಗೇಲಿ ಮಾಡುತ್ತಾರೆ. ಒರೆಸುವುದು, ರಿಪೇರಿ ಮಾಡುವುದು ಎಲ್ಲ ಅವರದೇ ಕೆಲಸ. ಇದನ್ನೆಲ್ಲ ಹೇಳುವ ಲೇಖಕಿ ತನ್ನ ಚೆಲುವಾದ ಮಾತುಗಳನ್ನು ಮಾತ್ರ ಕಿಟಕಿಗೇ ಮೀಸಲಿಟ್ಟಿದ್ದಾರೆ. ನಮ್ಮ ತಕರಾರು ಇಲ್ಲಿದೆ.

ಯಾಕೆಂದರೆ ನಿಜವಾದ ನಿಲ್ದಾಣದ ದೊಡ್ಡ ಸಂಗತಿ ಇದೇ. 1998ರಲ್ಲಿ ಕಟ್ಟಲು ತೊಡಗಿದ ಅಲ್ಲಿ, 2000ದ ನವೆಂಬರಿನಿಂದ ಒಂದು ದಿನವೂ ಬಿಡದೆ ಮನುಷ್ಯರು ಬಾಳಿದ್ದಾರೆ. ಜಾಡಮಾಲಿ ಮಾತ್ರ ಇಲ್ಲ. 2008ರಲ್ಲಿ ಕಕ್ಕಸು ಕೆಟ್ಟಾಗ ಹೊಸ ಪಂಪು ಡಿಸ್ಕವರಿ ನೌಕೆಯಲ್ಲಿ ಹೋಯಿತು. ಕೂರಿಸಿದವರು ಗಗನಯಾತ್ರಿ ಒಲೆಗ್ ಕೊನೊನೆಂಕೊ. ಅವರ ಮಾನವೇನೂ ಹೋಗಲಿಲ್ಲ. ಅಲ್ಲಿ ಮೂತ್ರವನ್ನೇ ಶುದ್ಧ ಮಾಡಿ ಕುಡಿಯುತ್ತಾರೆ. ಮಡಿ ಮೈಲಿಗೆಯ ಶಾಸ್ತ್ರ 400 ಕಿಲೋಮೀಟರ್ ಮೇಲೆ ಹೋಗುವಷ್ಟರಲ್ಲಿ ಸತ್ತೇ ಹೋಗಿದೆ!

2025ರಲ್ಲಿ ಶುಭಾಂಶು ಶುಕ್ಲಾ ಆ ನಿಲ್ದಾಣಕ್ಕೆ ಹೋದ ಮೊದಲ ಭಾರತೀಯರಾದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ 2035ಕ್ಕೆ ನಮ್ಮದೇ ನಿಲ್ದಾಣ ಕಟ್ಟುವ ಗುರಿ ಇಟ್ಟುಕೊಂಡಿದೆ. ಕಟ್ಟಲಿ, ಬೇಡ ಅನ್ನೋರು ನಾವಲ್ಲ. ಆದರೆ 1993ರಲ್ಲೊಂದು, 2013ರಲ್ಲೊಂದು ಕಾನೂನು ಬಂದ ಮೇಲೂ ಈ ದೇಶದ ಮಲದ ಗುಂಡಿಗಳಲ್ಲಿ ಉಸಿರುಕಟ್ಟಿ ಸಾಯುತ್ತಿರುವವರು ಯಾರ ಮಕ್ಕಳು? ಆಕಾಶದಲ್ಲಿ ಉಸಿರಿಗೆ ಗಾಳಿ ಒದಗಿಸುವ ವಿದ್ಯೆ ಬಲ್ಲ ನಾಡಿಗೆ ಭೂಮಿಯೊಳಗೆ ಮನುಷ್ಯನನ್ನು ಇಳಿಸದಿರುವ ವಿದ್ಯೆ ಗೊತ್ತಿಲ್ಲವೆ? ಗೊತ್ತಿದೆ. ಮನಸ್ಸಿಲ್ಲ.

ನೀಲಿ ಭೂಮಿಯನ್ನು ಹಾಡುವ ಕಾದಂಬರಿ ಬಂದಾಯಿತು. ತನ್ನ ಕೊಳೆಯನ್ನು ತಾನೇ ತೊಳೆಯುವ ಮನುಷ್ಯನನ್ನು ಹಾಡುವ ಕಾದಂಬರಿ ಇನ್ನು ಬರಬೇಕು. ಅದನ್ನು ಕೇರಿಯೇ ಬರೆಯಬೇಕು.