ಕನಗನಹಳ್ಳಿಯ ಶಿಲ್ಪಿಗೆ ಅಶೋಕನ ಮುಖ ಬೇಕಿರಲಿಲ್ಲ

2016ರಲ್ಲಿ ಸ್ಟಾರ್ಟ್ ಇಂಡಿಯಾ ಸಂಸ್ಥೆ ದೆಹಲಿಯ ಲೋಧಿ ಕಾಲೊನಿಯ ಗೋಡೆಗಳ ಮೇಲೆ ಬೀದಿಚಿತ್ರ ಉತ್ಸವ ನಡೆಸಿತು. ಜೊತೆಗೆ ತುಘಲಕಾಬಾದಿನ ಕಂಟೇನರ್ ಡಿಪೊದಲ್ಲಿ ಸಮೂಹ ಪ್ರದರ್ಶನವೂ ನಡೆಯಿತು. ಅಂದಿನಿಂದ ಲೋಧಿ ಕಾಲೊನಿಗೆ ದೇಶದ ಮೊದಲ ಸಾರ್ವಜನಿಕ ಕಲಾ ಜಿಲ್ಲೆ ಎಂಬ ಬಿರುದು ಅಂಟಿಕೊಂಡಿದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನವರು ಈ 'ಮೊದಲ' ಎಂಬ ಮಾತನ್ನು ಒಪ್ಪಬೇಕಾಗಿಲ್ಲ. ಭೀಮಾ ದಂಡೆಯ ಸನ್ನತಿಯ ಮಗ್ಗುಲಿಗೇ ಕನಗನಹಳ್ಳಿಯ ಪ್ರಾಚೀನ ಬೌದ್ಧ ಸ್ತೂಪವಿದೆ. ಹಲವು ಕೈಗಳು ಕೆತ್ತಿದ, ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು ದಾನ ಕೊಟ್ಟು ತಮ್ಮ ಹೆಸರು ಬರೆಸಿದ, ನಡೆಯುತ್ತಲೇ ನೋಡಬೇಕಾದ ಕಲೆ ಅದು.

ಆದರೆ ಕನಗನಹಳ್ಳಿಗೆ ಸಿಕ್ಕ ಹೆಸರೆಲ್ಲ ಒಂದೇ ಫಲಕದ್ದು. 'ರಾಯೋ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಬರೆದಿರುವ ಆ ಫಲಕವನ್ನು ಎಲ್ಲರೂ ಅಶೋಕನ ಭಾವಚಿತ್ರ ಎನ್ನುತ್ತಾರೆ. ನನ್ನ ಜಗಳ ಇರುವುದು ಇಲ್ಲೇ. ಶಿಲ್ಪಿ ಅಶೋಕನನ್ನು ಕಂಡವನಲ್ಲ. ಚಕ್ರವರ್ತಿ ತೀರಿಹೋಗಿ ತಲೆಮಾರುಗಳೇ ಕಳೆದಿದ್ದವು. ಬರಹವನ್ನು ಮುಚ್ಚಿಬಿಟ್ಟರೆ ಆ ಮುಖ ಯಾವ ರಾಜನದಾದರೂ ಆಗಬಹುದು. ಹಾಗಾದರೆ ಶಿಲ್ಪಿ ತನ್ನ ಶಕ್ತಿಯನ್ನು ಎಲ್ಲಿ ಹೂಡಿದ? ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ನಿಂತ ದೇಹಗಳಲ್ಲಿ. ರಾಜ, ಅವನಿಗೆ ಹತ್ತಿಕೊಂಡೇ ರಾಣಿ, ಕೊಡೆ ಹಿಡಿದವಳು, ಚಾಮರ ಬೀಸುವವರು. ಯುದ್ಧವಿಲ್ಲ, ಶಾಸನವಿಲ್ಲ, ಧರ್ಮೋಪದೇಶದ ಭಂಗಿಯೂ ಇಲ್ಲ. ಸೇವೆಯ ಹೆಂಗಸರು ರಾಜನ ಪಕ್ಕ ಕುಗ್ಗಿ ಹೋಗಿಲ್ಲ; ಕಾಲಿನ ಕಡಗ, ಸೊಂಟದ ಪಟ್ಟಿ, ಮುಂಡಾಸದ ಮಡಿಕೆ ಎಲ್ಲಕ್ಕೂ ಉಳಿ ಒಂದೇ ಶ್ರದ್ಧೆ ತೋರಿಸಿದೆ. ರಾಜನನ್ನು ರಾಜನನ್ನಾಗಿ ಮಾಡುವುದು ಮುಖವಲ್ಲ, ಮೇಲಿನ ಕೊಡೆ ಮತ್ತು ಸುತ್ತಲಿನವರ ಇರವು. ಶಹಾಬಾದ್ ಪರಸಿಯ ಜಾತಿಯದೇ ಆದ ಸುಣ್ಣಕಲ್ಲು ಆಳದ ಕೆತ್ತನೆಗಿಂತ ಸ್ಪಷ್ಟ ಅಂಚಿಗೆ ಒದಗುತ್ತದೆ. ಶಿಲ್ಪಿ ಕಲ್ಲಿನ ಗುಣ ಅರಿತು ಕೆಲಸ ಮಾಡಿದ್ದಾನೆ.

ಇದರ ಎದುರು 2014ರಲ್ಲಿ ಆಗಿನ ದೆಹಲಿ ಪೊಲೀಸ್ ಕೇಂದ್ರ ಕಚೇರಿಯ ಗೋಡೆ ಮೇಲೆ ಹೆಂಡ್ರಿಕ್ ಬೈಕಿರ್ಶ್ ಮತ್ತು ಅನ್ಪು ವರ್ಕಿ ಬರೆದ ಗಾಂಧಿಯನ್ನು ಇಟ್ಟು ನೋಡಿ. ಕುಶಲ ಕೆಲಸ, ಅನುಮಾನವಿಲ್ಲ. ಆದರೆ ಅಲ್ಲಿ ಕೆಲಸ ಮಾಡುವುದು ಗುರುತು ಮತ್ತು ಗಾತ್ರ. ಗಾಂಧಿ ಎಂದು ತಿಳಿದ ಕೂಡಲೇ ನೋಟ ಮುಗಿಯುತ್ತದೆ. ಲೋಧಿಯ ಕೆಲವು ಗೋಡೆಗಳು ಕಮಾನುಗಳನ್ನು ಚೆನ್ನಾಗಿ ಬಳಸಿಕೊಂಡಿವೆ ಎಂಬುದನ್ನೂ ಹೇಳಬೇಕು. ಆದರೂ ಬಣ್ಣದ ಕಂಪನಿಯ ಪ್ರಾಯೋಜಕತ್ವದಲ್ಲಿ ಬರೆದದ್ದು ಜನರ ಕಲೆ, ವಾಡಿಯಿಂದ ಸೇಡಂವರೆಗೆ ಗೋಡೆಗಳ ಮೇಲೆ ಸಿಮೆಂಟಿನ ಹೆಸರು ಬರೆಯುವ ಪೇಂಟರನದು ಬರೀ ಕೂಲಿ ಎನ್ನುವ ವಿಂಗಡಣೆ ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಇತಿಹಾಸಕಾರರ ತಪ್ಪು ಇನ್ನೊಂದು ಬಗೆಯದು. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿ ಕುಸಿದು ಅಶೋಕನ ಶಾಸನ ಹೊರಬಿತ್ತು. ತೊಂಬತ್ತರ ದಶಕದಲ್ಲಿ ಪುರಾತತ್ವ ಇಲಾಖೆ ಸ್ತೂಪವನ್ನು ಅಗೆಯಿತು. ಅಂದಿನಿಂದ ಲಿಪಿ ಓದಿದವರೇ ಹೆಚ್ಚು, ಕೆತ್ತನೆ ಓದಿದವರು ಕಡಿಮೆ. ಸಾತವಾಹನ ರಾಜರಾದ ಸಾತಕರ್ಣಿ, ಪುಳುಮಾವಿಯರ ಫಲಕಗಳೂ ವಂಶಾವಳಿಗೆ ಸಾಕ್ಷಿಯಾಗಿ ಮುಗಿದುಹೋದವು. ಬುದ್ಧನನ್ನು ಖಾಲಿ ಆಸನವಾಗಿ, ಪಾದವಾಗಿ ತೋರಿಸಿದ ಕಲ್ಲುಗಳ ಜೊತೆಗೇ ಮೂರ್ತಿಯಾಗಿ ನಿಲ್ಲಿಸಿದ ಕಲ್ಲುಗಳೂ ಒಂದೇ ಸ್ತೂಪದಲ್ಲಿ ಸಿಕ್ಕಿವೆ. ಕಲಾ ವಿಮರ್ಶೆಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಬೇಕೆ?

ಉತ್ಖನನದ ನಂತರ ವರ್ಷಗಟ್ಟಲೆ ಈ ಫಲಕಗಳು ಬಯಲಲ್ಲಿ ಬಿದ್ದಿದ್ದವು. ಈಗ ಜೋಡಿಸಿ ನಿಲ್ಲಿಸುವಾಗ ಅಶೋಕನೊಬ್ಬನನ್ನೇ ಗಾಜಿನೊಳಗಿಟ್ಟು ಉಳಿದವನ್ನು ಉಗ್ರಾಣಕ್ಕೆ ತಳ್ಳಬಾರದು. ಸುತ್ತು ಬರುವ ಕ್ರಮದಲ್ಲೇ, ಒಂದರ ಪಕ್ಕ ಒಂದು ನಿಲ್ಲಬೇಕು; ದಾನಿಗಳ ಹೆಸರನ್ನೂ ಕನ್ನಡದಲ್ಲಿ ಬರೆಯಬೇಕು.